ಆರನೆಯ ವಾರಕ್ಕೆ ಬಿಚ್ಚಿದ ಕಟ್ಟು

ನಡೆಯಲು ಕಾಲನ್ನೂ, ನಡೆದ ದಾರಿಯನ್ನು ಹಿಂದಿರುಗಿ ನೋಡಲು ಮನಸ್ಸನ್ನೂ ಕೊಟ್ಟ ಪರಮೇಶ್ವರನಿಗೆ ಮೊದಲು ನಮಸ್ಕಾರ. ಮೂರು ತಲೆಮಾರು ನಮ್ಮ ಮನೆಯ ದೇವರಿಗೂ ಒಲೆಗೂ ನೀರಾಗಿ ಒದಗಿದ ಹೇಮಾವತಿಗೆ ನಮಸ್ಕಾರ. ವಿದ್ಯೆ ಕಲಿಸಿದ ಗುರುಗಳಿಗೆ ನಮಸ್ಕಾರ. ಕಲಿತದ್ದನ್ನು ವೇಳೆಗೆ ಸರಿಯಾಗಿ ಬಳಸದೆ ಹೋದ ತಪ್ಪು ನನ್ನದು, ಅವರದಲ್ಲ. ನನ್ನ ಸೊಸೆ ಸೌಭಾಗ್ಯವತಿ ನಾಗರತ್ನಳಿಗೆ ಹಿರಿಯನಾದ ನಾನು ನಮಸ್ಕರಿಸುವ ಹಾಗಿಲ್ಲ. ಆದುದರಿಂದ ನನ್ನ ಕೃತಜ್ಞತೆಯನ್ನಷ್ಟೇ ಅವಳ ಮುಂದಿಡುತ್ತೇನೆ. ಇದನ್ನು ಬರೆಯಲು ಅವಳು ಒಪ್ಪಿದ್ದಾಳೆ. ಇದ್ದದ್ದನ್ನು ಇದ್ದ ಹಾಗೆಯೇ ಬರೆಯಬೇಕೆಂದೂ, ತನ್ನನ್ನು ಹೊಗಳಬಾರದೆಂದೂ ಹೇಳಿದ್ದಾಳೆ. ಎರಡನೆಯದನ್ನು ನಡೆಸಿಕೊಡುವುದು ಕಷ್ಟ. ಮೊದಲನೆಯದನ್ನು ನಡೆಸಿಕೊಡಲು ಪ್ರಯತ್ನಿಸುತ್ತೇನೆ.

ನಾನು ಹೊಳೆನರಸೀಪುರದ ಶಾಲೆಯಲ್ಲಿ ಬಹುಕಾಲ ಪಂಡಿತನಾಗಿದ್ದು ನಿವೃತ್ತನಾದವನು. ಬಹುಧಾನ್ಯ ಸಂವತ್ಸರದ ಫಾಲ್ಗುಣ ಬಹುಳ ತದಿಗೆಯಂದು ನನ್ನ ಪತ್ನಿ ಭಾಗೀರಥಿ ತೀರಿಕೊಂಡಳು. ಒಬ್ಬನೇ ಮಗ ಶಂಕರ ಚನ್ನರಾಯಪಟ್ಟಣದಲ್ಲಿ ಉಪಾಧ್ಯಾಯ. ಅಲ್ಲಿ ಒಂದು ಕೋಣೆ ಹಿಡಿದು, ಪರಿಚಯದವರ ಮನೆಯಲ್ಲಿ ಊಟ ಮಾಡಿಕೊಂಡಿದ್ದ. ಅವನ ಹೆಂಡತಿ ನಾಗರತ್ನ, ಮನೆಯಲ್ಲಿ ಎಲ್ಲರಿಗೂ ರತ್ನ, ಆಗ ಇಪ್ಪತ್ತೆರಡು ವರ್ಷದವಳು, ನನ್ನ ಜೊತೆಯಲ್ಲಿ ಹೊಳೆನರಸೀಪುರದಲ್ಲಿ ಉಳಿದಳು. ಅತ್ತೆಯ ವರ್ಷದ ಕರ್ಮಗಳು ಮುಗಿದ ಕೂಡಲೆ ಚನ್ನರಾಯಪಟ್ಟಣದಲ್ಲಿ ಅವರಿಬ್ಬರೂ ಬೇರೆ ಸಂಸಾರ ಹೂಡುವುದೆಂದು ಮಾತಾಗಿತ್ತು. ಮದುವೆಯಾಗಿ ಐದು ವರ್ಷವಾದರೂ ಗಂಡನ ಜೊತೆ ಒಂದು ತಿಂಗಳು ಒಟ್ಟಿಗೆ ಇರದಿದ್ದ ಹುಡುಗಿಗೆ ಆ ಒಂದು ವರ್ಷ ಎಷ್ಟು ಉದ್ದವಾಗಿತ್ತೆಂಬುದನ್ನು ನಾನು ಆಗ ಯೋಚಿಸಲಿಲ್ಲ.

ಗತಿಸಿದವರ ಹೆಸರಿನಲ್ಲಿ ಒಂದು ವರ್ಷ ಕಾಲ ಪ್ರತಿದಿನವೂ ಒಂದು ಕೊಡ ನೀರನ್ನು ದಾನ ಕೊಡುವ ವಿಧಿಯೊಂದಿದೆ. ಸೋದಕುಂಭವೆಂದು ಅದರ ಹೆಸರು. ಈಗಿನವರು ಅದನ್ನು ತಿಂಗಳಿಗೊಮ್ಮೆ ಮಾಸಿಕದ ಜೊತೆಯಲ್ಲಿ ಸೇರಿಸಿ ಮುಗಿಸುತ್ತಾರೆ. ನಮ್ಮ ಪುರೋಹಿತರೂ ಹಾಗೆಯೇ ಮಾಡಬಹುದೆಂದರು. ನಾನು ಒಪ್ಪಲಿಲ್ಲ. ಮಗ ಊರಿನಲ್ಲಿಲ್ಲದಿದ್ದರೇನು, ಅವನ ಪರವಾಗಿ ನಾನು ಕೊಡುತ್ತೇನೆ, ಪ್ರತಿದಿನವೂ ಕೊಡುತ್ತೇನೆ, ಹೊಳೆಯ ನೀರನ್ನೇ ಕೊಡುತ್ತೇನೆ ಎಂದೆ.

ಕೊಡುವವನು ನಾನು. ಹೊರುವವಳು ರತ್ನ.

ನಮ್ಮ ಹಿತ್ತಲ ಬಾವಿಯ ನೀರು ಉಪ್ಪು. ದೇವರಿಗೂ ಅಡುಗೆಗೂ ಹೊಳೆಯ ನೀರೇ ಬೇಕು. ಅದನ್ನು ತರುವವರು ಮಿಂದು, ಒದ್ದೆಯ ಸೀರೆಯಲ್ಲಿ, ಯಾರನ್ನೂ ಮುಟ್ಟದೆ ಮಡಿಯಲ್ಲಿ ತರಬೇಕು. ಭಾಗೀರಥಿಯಿದ್ದಾಗ ಅತ್ತೆ ಸೊಸೆ ಇಬ್ಬರೂ ತರುತ್ತಿದ್ದರು. ಅವಳು ಹೋದ ಮೇಲೆ ಇಬ್ಬರ ಪಾಲನ್ನೂ ಸೋದಕುಂಭವನ್ನೂ ಒಬ್ಬಳೇ ಹೊತ್ತಳು. ದಿನಕ್ಕೆ ಏಳು ಕೊಡ. ಮಾಸಿಕದ ದಿನಗಳಲ್ಲಿ ಅದರ ಎರಡರಷ್ಟು. ಪ್ರತಿ ಕೊಡಕ್ಕೂ ಹೊಳೆಯ ಕಲ್ಲುಮೆಟ್ಟಿಲುಗಳನ್ನು ಒಮ್ಮೆ ಇಳಿಯಬೇಕು, ತುಂಬಿದ ತಾಮ್ರದ ಕೊಡವನ್ನು ಸೊಂಟಕ್ಕಿಟ್ಟು ಒಮ್ಮೆ ಹತ್ತಬೇಕು. ಈ ಎಣಿಕೆಯನ್ನು ನಾನು ಮಾಡಿರಲಿಲ್ಲ. ಮುಂದೆ ಡಾಕ್ಟರು ಕೇಳಿದಾಗ ರತ್ನ ಹೇಳಿದಳು.

ಪ್ರಮಾಥಿ ಸಂವತ್ಸರದ ಮಾರ್ಗಶಿರ ಮಾಸ. ಬೆಳಗಿನ ಜಪಕ್ಕೆ ಕುಳಿತಿದ್ದೆ. ರತ್ನ ಕೊಡ ಹೊತ್ತು ನಡುಮನೆಯನ್ನು ದಾಟಿದಳು. ಛಂದಸ್ಸು ಕಲಿಸಿ ಬದುಕಿದವನ ಕಿವಿ ನನ್ನದು; ಅವಳ ಹೆಜ್ಜೆಯ ಲಯ ಕೆಟ್ಟಿರುವುದು ತಿಳಿಯಿತು. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಜಪ ಮುಗಿದ ಮೇಲೆ ಕಾಲಿಗೇನಾಯಿತೆಂದು ಕೇಳಿದೆ. ಬಾಗಿಲ ಮರೆಯಿಂದಲೇ, ಮೆಟ್ಟಿಲ ಮೇಲೆ ಸ್ವಲ್ಪ ಉಳುಕಿರಬೇಕು, ಏನಿಲ್ಲ ಎಂದಳು. ಏನಿಲ್ಲವೆಂಬ ಮಾತನ್ನು ನಾನು ಹಾಗೆಯೇ ತೆಗೆದುಕೊಂಡೆ. ಶಿಷ್ಯನೊಬ್ಬ ಪದ್ಯ ತಪ್ಪಿ ಓದಿದರೆ ಬಿಡದೆ ತಿದ್ದಿಸುತ್ತಿದ್ದವನು, ಈ ತಪ್ಪನ್ನು ಕೇಳಿಯೂ ಕೇಳದವನಂತೆ ಊಟಕ್ಕೆ ಕುಳಿತೆ.

ಹುಣಸೆಹಣ್ಣು ಉಪ್ಪು ಬಿಸಿ ಮಾಡಿ ಹಚ್ಚಿಕೊಂಡಳು. ಹರಳೆಣ್ಣೆ ತಿಕ್ಕಿಕೊಂಡಳು. ನೋವು ಬೆಳಿಗ್ಗೆ ಕಡಿಮೆಯಾಗಿ, ನಾಲ್ಕನೆಯ ಕೊಡದ ಹೊತ್ತಿಗೆ ಮತ್ತೆ ಏರುತ್ತಿತ್ತಂತೆ. ಹೀಗೆ ಒಂದು ತಿಂಗಳು ಕಳೆಯಿತು. ಒಂದು ದಿನವೂ ಕೊಡ ತಪ್ಪಲಿಲ್ಲ. ಪುಷ್ಯದ ಕೊನೆಯಲ್ಲಿ ಎಡಗಾಲಿನ ಹರಡು, ಎಂದರೆ ಪಾದದ ಮೇಲಿನ ಕೀಲು, ಊದಿಕೊಂಡು ಗೆಜ್ಜೆಯನ್ನು ಬಿಚ್ಚಲೂ ಆಗದ ಹಾಗಾಯಿತು.

ಮೊಸಳೆಯೆಂಬ ಹಳ್ಳಿಯಲ್ಲಿ ಬೋರೇಗೌಡನೆಂಬ ಒಕ್ಕಲಿಗ, ಮುರಿದ ಕೈಕಾಲು ಕಟ್ಟುವುದರಲ್ಲಿ ಸುತ್ತಿನ ಹಳ್ಳಿಗಳಿಗೆಲ್ಲ ಹೆಸರಾದವನು. ಹೇಳಿ ಕಳುಹಿಸಿದೆ. ರೈಲಿಗೆ ಬಂದು, ಜಗುಲಿಯ ಮೇಲೆ ಕುಳಿತು, ಹೆಬ್ಬೆರಳಿನಿಂದ ಹರಡಿನ ಮೇಲಿನ ಮೂಳೆಯನ್ನು ನಾಲ್ಕು ಕಡೆ ಒತ್ತಿದ. ಒಂದು ಕಡೆ ಒತ್ತಿದಾಗ ರತ್ನ ಸೆರಗನ್ನು ಬಾಯಿಗೆ ತುಂಬಿಕೊಂಡಳು.

“ಉಳುಕಲ್ಲ ಕಣ್ ಸಾಮಿ ಇದು. ಉಳುಕಾಗಿದ್ರೆ ಎಳ್ದು ಕೂರ್ಸಿ, ಎಲೆಅಡ್ಕೆ ಇಸ್ಕೊಂಡು ಓಯ್ತಿದ್ದೆ. ಮೂಳೆ ಒಳ್ಗೇ ಬಿರ್ಕು ಬಿಟ್ಟದೆ. ಆಸನಕ್ಕೆ ಕರ್ಕೊಂಡೋಗಿ, ದಾಕುಟ್ರು ನೋಡ್ಲಿ.”

ಅವಳು ಬಿದ್ದೇ ಇಲ್ಲವಲ್ಲ, ಮೂಳೆ ಹೇಗೆ ಬಿರಿದೀತು ಎಂದು ನಾನು ವಾದಿಸಿದೆ. ಗೌಡ ಮೂಲೆಯಲ್ಲಿ ಸಾಲಾಗಿ ಬೋರಲು ಹಾಕಿದ್ದ ಕೊಡಗಳನ್ನು ನೋಡಿದ.

“ಎತ್ತು ಕುಂಟಿದ್ರೆ ನಾವು ಮೊದ್ಲು ನೊಗ ಬಿಚ್ತೀವಿ ಸಾಮಿ. ಆಮೇಲೆ ಯಾಕೆ ಅಂತ ಕೇಳ್ತೀವಿ.”

ಒಕ್ಕಲಿಗನ ಮಾತು ಒರಟೆಂದು ಅಂದು ಅನ್ನಿಸಿತು. ಇಂದು ಅದು ಒರಟಾಗಿ ಕೇಳುವುದಿಲ್ಲ.

ಶಂಕರನನ್ನು ಕರೆಸಿ, ಮೂವರೂ ಹಾಸನಕ್ಕೆ ಹೋದೆವು. ಅಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರು ಹಿಂದಿನ ಮಹಾಯುದ್ಧದಲ್ಲಿ ಸೈನ್ಯದ ಜೊತೆ ಪರದೇಶದಲ್ಲಿದ್ದು ಬಂದವರು. ಮೈಸೂರಿಗೆ ಕಳುಹಿಸಿ ಎಕ್ಸ್-ರೇ ತೆಗೆಸಿದರು. ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಹರಡಿನ ಹತ್ತಿರ, ಒಳಗಿನ ಮೂಳೆಯಲ್ಲೊಂದು, ಹೊರಗಿನ ಮೂಳೆಯಲ್ಲೊಂದು, ಕೂದಲೆಳೆಯಂಥ ಎರಡು ಗೆರೆ.

“ಇದು ಬಿದ್ದು ಮುರಿದದ್ದಲ್ಲ, ಪಂಡಿತರೇ. ಭಾರ ಹೊತ್ತು ನಡೆದೂ ನಡೆದೂ ಬಿರಿದದ್ದು. ಹೊಸದಾಗಿ ಸೇರಿದ ಸೋಲ್ಜರ್‌ಗಳಿಗೆ ಆಗುತ್ತೆ, ಮಾರ್ಚ್ ಫ್ರ್ಯಾಕ್ಚರ್ ಅಂತೀವಿ. ನಿಮ್ಮ ಮನೇಲಿ ಯಾವ ಯುದ್ಧ ನಡೀತಾ ಇದೆ?”

ಆಗ ರತ್ನ ಕೊಡಗಳ ಲೆಕ್ಕ ಹೇಳಿದಳು. ಶಂಕರ ಕಿಟಕಿಯ ಕಡೆ ತಿರುಗಿ ನಿಂತ.

ಮೊಣಕಾಲಿನ ಕೆಳಗಿನಿಂದ ಬೆರಳಿನ ತನಕ ಪ್ಲಾಸ್ಟರ್ ಹಾಕಿದರು. ಹತ್ತು ವಾರ ಬಿಚ್ಚಕೂಡದು, ನೀರು ತಾಗಕೂಡದು, ಕಾಲು ಊರಕೂಡದು. ಚಿಕ್ಕ ವಯಸ್ಸು, ಚೆನ್ನಾಗಿ ಕೂಡಿಕೊಳ್ಳುತ್ತದೆ. ಬೇಸಗೆ ಕಳೆಯುವುದರೊಳಗೆ ಓಡಾಡುತ್ತಾಳೆ ಎಂದರು. ಆ ಮಾತು ಕೇಳಿ ನಾವು ಸಮಾಧಾನದಿಂದಲೇ ಊರಿಗೆ ಹಿಂದಿರುಗಿದೆವು. ರೈಲಿನಲ್ಲಿ ಗಂಡಹೆಂಡಿರಿಬ್ಬರೂ ಚನ್ನರಾಯಪಟ್ಟಣದಲ್ಲಿ ನೋಡಿಟ್ಟಿದ್ದ ಬಾಡಿಗೆ ಮನೆಯ ಅಡುಗೆಮನೆಗೆ ಬೆಳಕು ಸಾಲುತ್ತದೆಯೋ ಇಲ್ಲವೋ ಎಂದು ಮಾತಾಡಿಕೊಳ್ಳುತ್ತಿದ್ದರು.

ಮನೆಗೆ ಬಂದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಆ ಕಟ್ಟಿನೊಳಗೆ ಆಸ್ಪತ್ರೆಯ ಹತ್ತಿ, ಯಾರೋ ಸುತ್ತಿದ ಬಟ್ಟೆ. ಒಗೆಯುವಂತಿಲ್ಲ, ನೆನೆಸುವಂತಿಲ್ಲ. ಕಟ್ಟಿರುವ ತನಕ ತಲೆಗೆ ನೀರು ಹಾಕಿಕೊಂಡು ಮಡಿಯುಡುವಂತಿಲ್ಲ. ಮಡಿಯಿಲ್ಲದೆ ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ರತ್ನ ಬೀದಿಯ ಕಡೆಯ ಕೋಣೆಯಲ್ಲಿ ಚಾಪೆಯ ಮೇಲೆ ಉಳಿದಳು. ಸೋದಕುಂಭವನ್ನು ನಾನೇ ಹೊತ್ತೆ. ಮೂರನೆಯ ದಿನಕ್ಕೇ ಉಬ್ಬಸ ಬಂದು, ಮಾಸಿಕದ ಜೊತೆಯಲ್ಲಿ ಸೇರಿಸಬಹುದೆಂಬ ಪುರೋಹಿತರ ಮಾತು ಒಪ್ಪಿಗೆಯಾಯಿತು. ನನ್ನ ಮೂರು ದಿನಕ್ಕೆ ಸಿಕ್ಕ ವಿನಾಯಿತಿ ಅವಳ ಹತ್ತು ತಿಂಗಳಿಗೆ ಸಿಕ್ಕಿರಲಿಲ್ಲ.

ಅಡುಗೆಗೆಂದು ಅರಕಲಗೂಡಿನಿಂದ ನನ್ನ ಪತ್ನಿಯ ತಂಗಿ ವೆಂಕಮ್ಮ ಬಂದಳು. ನೇರ ಮಾತಿನ ಹೆಂಗಸು. ಬಂದ ದಿನವೇ, ನೀರು ಹೊತ್ತು ಹೊತ್ತು ಮೂಳೆ ಸವೆಯುವ ತನಕ ಈ ಮನೆಯ ಗಂಡಸರು ಯಾವ ಪಾರಾಯಣದಲ್ಲಿದ್ದರೆಂದು ಕೇಳಿದಳು.

ಕಟ್ಟಿಗೆ ಆರು ವಾರ ತುಂಬುವ ಹೊತ್ತಿಗೆ ಫಾಲ್ಗುಣ ಬಹುಳ ತದಿಗೆ ಬರುತ್ತಿತ್ತು. ಭಾಗೀರಥಿಯ ವರ್ಷಾಬ್ದಿಕ.

ನಮ್ಮ ಮನೆತನದಲ್ಲಿ ಶ್ರಾದ್ಧದ ಪಾಕವನ್ನು ಮನೆಯ ಸೊಸೆಯೇ ಮಾಡುವುದು ರೂಢಿ. ಸಗೋತ್ರದವರ ಕೈಯಡುಗೆಯೇ ಆಗಬೇಕೆಂದು ನನ್ನ ತಂದೆ ಹೇಳುತ್ತಿದ್ದರು. ಪುರೋಹಿತರನ್ನು ಕರೆಸಿ ಕೇಳಿದೆ. ಅವರು ಸಂಕೋಚವಿಲ್ಲದೆ ದಾರಿ ತೋರಿಸಿದರು. ಸೊಸೆಗೆ ಆಗದಿದ್ದರೆ ಬಂಧುಗಳಾದವರು ಮಾಡಬಹುದು. ಅದೂ ಬೇಡವೆಂದರೆ ಕರ್ತೃವಾದ ಶಂಕರನೇ ತನ್ನ ಕೈಯಿಂದ ಅನ್ನ ಬೇಯಿಸಲಿ, ತಾಯಿಗೆ ಅದಕ್ಕಿಂತ ಹೆಚ್ಚಿನದೇನು ಎಂದರು. ಆಪತ್ಕಾಲಕ್ಕೆ ಧರ್ಮಶಾಸ್ತ್ರ ಎಷ್ಟು ಮೃದುವೆಂಬುದನ್ನು ನಾನೇ ಶಾಲೆಯಲ್ಲಿ ಹುಡುಗರಿಗೆ ಎಷ್ಟು ಸಲ ಬಿಡಿಸಿ ಹೇಳಿದ್ದೆನೋ. ಆದರೂ ತಲೆಯಲ್ಲಾಡಿಸಿದೆ.

ವೆಂಕಮ್ಮ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಪುರೋಹಿತರು ಎದ್ದುಹೋದ ಮೇಲೆ ಸೌಟು ಹಿಡಿದುಕೊಂಡೇ ಬಂದು ನಿಂತಳು.

“ನನ್ನ ಕೈ ಅಡುಗೆ ನಿಮಗೆ ಆರು ವಾರ ಸೈ. ನಮ್ಮಕ್ಕನಿಗೆ ಒಂದು ದಿನ ಬೇಡವೋ, ಭಾವ?”

ವೆಂಕಮ್ಮ ಚೆನ್ನಾಗಿಯೇ ಅಡುಗೆ ಮಾಡುತ್ತಾಳೆ. ಆದರೆ ಭಾಗೀರಥಿಯ ಕೈಯ ಹದ ಇದ್ದದ್ದು ರತ್ನಳಲ್ಲಿ. ಐದು ವರ್ಷ ಪಕ್ಕದಲ್ಲಿ ನಿಲ್ಲಿಸಿಕೊಂಡು ಆಕೆ ಕಲಿಸಿದ್ದಳು. ಬಾಳೆಕಾಯಿಯ ಪಲ್ಯಕ್ಕೆ ಎಷ್ಟು ಮೆಣಸು, ಗೊಜ್ಜಿಗೆ ಬೆಲ್ಲ ಯಾವಾಗ, ಎಳ್ಳುಂಡೆಯ ಪಾಕ ಎಷ್ಟು ಎಳೆ, ಎಲ್ಲವೂ ರತ್ನಳ ಕೈಗೆ ಇಳಿದಿತ್ತು. ತಾನು ಕಲಿಸಿದ ಕೈಯಿಂದ ಬಡಿಸಿದರೆ ಮಾತ್ರ ಆ ಜೀವಕ್ಕೆ ತೃಪ್ತಿ ಎಂದು ನಾನು ಎಲ್ಲರಿಗೂ ಹೇಳಿದೆ. ಹೇಳುತ್ತ ಹೇಳುತ್ತ ನಾನೇ ನಂಬಿದೆ.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. ಶ್ರಾದ್ಧದ ದಿನ ಬ್ರಾಹ್ಮಣರ ಭೋಜನವಾದ ಮೇಲೆ ಮನೆಯವರೂ ಉಣ್ಣುತ್ತಾರೆ. ಆ ಎಲೆಯ ಮುಂದೆ ಕುಳಿತು, ಮೂವತ್ತೆಂಟು ವರ್ಷ ಉಂಡ ಊಟವನ್ನು ಇನ್ನೊಂದು ಸಲ ಉಣ್ಣಬೇಕೆಂಬ ಆಸೆ ನನ್ನದಾಗಿತ್ತು. ಸತ್ತವಳ ತೃಪ್ತಿಯ ಹೆಸರಿನಲ್ಲಿ ನಾನು ಕೇಳಿದ್ದು ನನ್ನ ತೃಪ್ತಿಯನ್ನು. ಇದು ಆಗ ನನಗೆ ಸ್ಪಷ್ಟವಾಗಿ ಕಂಡಿರಲಿಲ್ಲ ಎಂದು ಹೇಳಿದರೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ರತ್ನಳ ಕೋಣೆಯ ಬಾಗಿಲಲ್ಲಿ ನಿಂತು, ನಾಲ್ಕು ವಾರ ಮುಂಚೆ ಕಟ್ಟು ಬಿಚ್ಚಿದರೆ ಏನಾದೀತು, ಎರಡು ದಿನದ ಕೆಲಸ, ಆಮೇಲೆ ಮತ್ತೆ ಹಾಸನಕ್ಕೆ ಹೋಗಿ ಕಟ್ಟಿಸಿಕೊಂಡು ಬರೋಣ ಎಂದೆ. ಅವಳು ಸ್ವಲ್ಪ ಹೊತ್ತು ಪ್ಲಾಸ್ಟರಿನ ತುದಿಯಲ್ಲಿ ಕಾಣುತ್ತಿದ್ದ ತನ್ನ ಬೆರಳುಗಳನ್ನು ನೋಡಿಕೊಂಡಳು. ಆಗಲಿ, ಅತ್ತೆಗೆ ನಾನೇ ಮಾಡುತ್ತೇನೆ ಎಂದಳು. ಒಪ್ಪಿದಳೆಂದು ನಾನು ಸಂತೋಷಪಟ್ಟೆ.

ಬೋರೇಗೌಡನಿಗೆ ಮತ್ತೆ ಹೇಳಿ ಕಳುಹಿಸಿದೆ. ಬಂದ. ಸಂಗತಿ ಕೇಳಿ, ಬಿಚ್ಚಲಾರೆನೆಂದ. ಕಟ್ಟನ್ನು ಮುಟ್ಟಲೂ ಇಲ್ಲ.

“ಕಟ್ದೋರೇ ಬಿಚ್ಬೇಕು ಸಾಮಿ. ಅದು ನಮ್ ಕಸುಬಿನ ನೇಮ. ನಿಮ್ ಮಡಿ ನಿಮ್ಗೆ ಎಂಗೋ, ನಮ್ ನೇಮ ನಮ್ಗೆ ಅಂಗೆ. ಇನ್ನೂ ಎಳೆ ಮೂಳೆ ಕಣ್ ಸಾಮಿ. ಬ್ಯಾಡಿ.”

ಮೊಸಳೆಯಿಂದ ಬಂದ ದಾರಿಯಲ್ಲೇ ಹಿಂದಿರುಗಿದ. ಕೊಟ್ಟ ಎಲೆಅಡಿಕೆಯನ್ನು ಜಗುಲಿಯ ಮೇಲೆಯೇ ಬಿಟ್ಟು ಹೋಗಿದ್ದ.

ಶಂಕರ ಶ್ರಾದ್ಧಕ್ಕೆಂದು ಬಂದವನು ಬೇಡವೆಂದು ಒಮ್ಮೆ ಹೇಳಿದ. ತಂದೆಯ ಎದುರು ಎರಡನೆಯ ಸಲ ಹೇಳುವ ಅಭ್ಯಾಸವನ್ನು ನಾನು ಅವನಿಗೆ ಕಲಿಸಿರಲಿಲ್ಲ. ವೆಂಕಮ್ಮ ತಾನು ಕೈ ಹಚ್ಚುವುದಿಲ್ಲವೆಂದು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಳು.

ನಾನೇ ಬಿಚ್ಚಿದೆ.

ಬಚ್ಚಲುಮನೆಯಲ್ಲಿ ಅವಳನ್ನು ಕಲ್ಲಿನ ಮೇಲೆ ಕೂರಿಸಿ, ಹಂಡೆಯ ಬಿಸಿನೀರನ್ನು ಚೊಂಬು ಚೊಂಬಾಗಿ ಹೊಯ್ದೆ. ಪ್ಲಾಸ್ಟರ್ ನೆನೆದು ಮೆತ್ತಗಾಯಿತು. ಕತ್ತರಿಯಿಂದ, ಅದು ಹೋಗದ ಕಡೆ ಚೂರಿಯಿಂದ, ಸೀಳುತ್ತ ಬಂದೆ. ಮಾವನಾದವನು ಸೊಸೆಯ ಪಾದ ಮುಟ್ಟುವುದು ಸಂಪ್ರದಾಯವಲ್ಲ. ಆ ಒಂದು ಸಂಪ್ರದಾಯವನ್ನು ಮೀರಲು ಅಂದು ನನಗೆ ಯಾವ ಅಡ್ಡಿಯೂ ತೋರಲಿಲ್ಲ. ಒಳಗಿನಿಂದ ಹೊರಬಂದ ಕಾಲು ಬಲಗಾಲಿನ ಅರ್ಧದಷ್ಟಿತ್ತು. ಚರ್ಮ ಬಿಳಿಚಿ ಪೊರೆಯೆದ್ದಿತ್ತು. ಹಗುರವಾಯಿತು ಎಂದು ರತ್ನ ಸಣ್ಣಗೆ ನಕ್ಕಳು. ಗೋಡೆ ಹಿಡಿದು ಎದ್ದು ನಿಂತಳು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಅವಳು ತಲೆಗೆ ನೀರು ಹಾಕಿಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಹಿಂದಿನ ದಿನದ ಸಿದ್ಧತೆ, ಮರುದಿನದ ಪಾಕ, ಎರಡೂ ದಿನ ಅವಳು ನಿಂತೇ ಕೆಲಸ ಮಾಡಿದಳು. ಹೊಳೆಯ ನೀರನ್ನು ಶಂಕರ ಮಡಿಯುಟ್ಟು ತಂದ. ಹಾಗೆ ತರಲು ಅವನಿಗೆ ಬರುತ್ತದೆಂಬುದು ನನಗೆ ಅಂದು ಗೊತ್ತಾಯಿತು. ಬ್ರಾಹ್ಮಣರು ತೃಪ್ತರಾಗಿ ಎದ್ದರು. ಪಿಂಡಪ್ರದಾನವಾಯಿತು. ನನ್ನ ಎಲೆಗೆ ಬಡಿಸಿದಾಗ ಮೊದಲ ತುತ್ತಿನಲ್ಲೇ ಕಣ್ಣು ತುಂಬಿತು. ಅದೇ ಗೊಜ್ಜು. ಅದೇ ಹದ. ತಲೆಯೆತ್ತಿ ನೋಡಿದ್ದರೆ ರತ್ನ ಅನ್ನದ ಪಾತ್ರೆಯನ್ನು ಕಂಬಕ್ಕೆ ಒರಗಿಸಿ ಒಂಟಿಕಾಲಿನಲ್ಲಿ ನಿಂತಿದ್ದು ಕಾಣುತ್ತಿತ್ತು. ವೆಂಕಮ್ಮ ಆಮೇಲೆ ಹೇಳಿದಳು. ನಾನು ತಲೆಯೆತ್ತಲಿಲ್ಲ.

ಸಂಜೆಗೆ ಕಾಲು ಸೋರೆಬುರುಡೆಯಂತೆ ಊದಿತ್ತು.

ಹಾಸನದ ಡಾಕ್ಟರು ಯಾರು ಬಿಚ್ಚಿದ್ದೆಂದು ಕೇಳಿದರು. ನಾನೆಂದೆ. ಏಕೆಂದು ಕೇಳಿದರು. ಹೇಳಿದೆ. ಅವರು ಎದ್ದುಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡು ಬಂದರು. ಮೊದಲು ರತ್ನಳನ್ನೇ ಬೈದರು: ನಿನ್ನ ಕಾಲಲ್ಲವೇ, ಬೇಡವೆನ್ನಲು ಬಾಯಿರಲಿಲ್ಲವೇ ಎಂದು. ಆಮೇಲೆ ನನ್ನ ಕಡೆ ತಿರುಗಿದರು.

“ಮೂಳೆ ತನ್ನ ಪಾಡಿಗೆ ತಾನು ಕೂಡ್ತಾ ಇತ್ತು, ಪಂಡಿತರೇ. ಅದಕ್ಕೆ ನಿಮ್ಮ ಪಂಚಾಂಗ ಗೊತ್ತಿಲ್ಲ.”

ಮತ್ತೆ ಪ್ಲಾಸ್ಟರ್. ಈ ಸಲ ಮೂರು ತಿಂಗಳು. ಮತ್ತೆ ಎಕ್ಸ್-ರೇ. ಹೊರಗಿನ ಮೂಳೆ ಹೇಗೋ ಕೂಡಿತ್ತು. ಒಳಗಿನದು ಕೂಡಲಿಲ್ಲ. ಕೂದಲೆಳೆಯಂತಿದ್ದ ಗೆರೆ ಈಗ ಅಗಲವಾಗಿ, ಎರಡು ದಡಗಳೂ ನುಣುಪಾಗಿಬಿಟ್ಟಿದ್ದವು. ಡಾಕ್ಟರು ಅದಕ್ಕೆ ನಾನ್-ಯೂನಿಯನ್ ಎಂದರು. ಇನ್ನೂ ಕೆಲವು ವಾರ ಕಾದರು. ಮತ್ತೊಂದು ಚಿತ್ರ ತೆಗೆಸಿದರು. ಅದೇ ಮಾತು. ಮದರಾಸಿನಲ್ಲಿ ಆಪರೇಷನ್ ಮಾಡಿ ಬೇರೆಡೆಯ ಮೂಳೆ ತಂದು ಕೂಡಿಸುವ ಪ್ರಯತ್ನ ಮಾಡಬಹುದು, ಆದರೆ ಕೀವಾದರೆ ಕಾಲೇ ಹೋದೀತು, ಧೈರ್ಯ ಹೇಳಲಾರೆ ಎಂದರು. ರತ್ನ ಬೇಡವೆಂದಳು.

ಅವಳ ತಂದೆ ಅರಕಲಗೂಡಿನಿಂದ ನೋಡಲು ಬಂದರು. ಮಗಳ ಪಕ್ಕದಲ್ಲಿ ಮಧ್ಯಾಹ್ನದವರೆಗೆ ಕುಳಿತಿದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನಾನು ಅವಳ ಕೋಣೆಯ ಹೊಸಿಲಲ್ಲಿ ಕುಳಿತು, ತಪ್ಪಾಯಿತೆಂದು ಹೇಳಲು ಹೊರಟೆ. ನೇರವಾಗಿ ಹೇಳಲು ಬಾರದೆ, ಡಾಕ್ಟರು ನಿನ್ನನ್ನು ಬೈದದ್ದು ಸರಿಯಲ್ಲವೆಂದು ಸುತ್ತುಬಳಸಿ ಶುರುಮಾಡಿದೆ. ಅವಳು ಹೂಬತ್ತಿ ಹೊಸೆಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು.

“ನಾನು ಬೇಡ ಅಂದಿದ್ರೆ ನೀವು ಏನನ್ನುತ್ತಿದ್ದಿರಿ, ಮಾವನೋರೆ?”

ಕೋಪವಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಏನೂ ಅನ್ನುತ್ತಿರಲಿಲ್ಲ, ಆದರೆ ಆ ದಿನ ಊಟ ಬಿಡುತ್ತಿದ್ದೆ. ಪೂಜೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತಿದ್ದೆ. ಮನೆಯವರೆಲ್ಲ ಪಿಸುಮಾತಿನಲ್ಲಿ ಓಡಾಡುವ ಹಾಗೆ ಮಾಡುತ್ತಿದ್ದೆ. ಗಟ್ಟಿಯಾಗಿ ಮಾತಾಡದೆ ಮನೆಯನ್ನು ಆಳುವ ವಿದ್ಯೆ ನನಗೆ ಚೆನ್ನಾಗಿ ಬರುತ್ತಿತ್ತು. ಅದೆಲ್ಲ ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಹಾಗಾದರೆ ಅಂದು ಅವಳು ಕೊಟ್ಟದ್ದು ಒಪ್ಪಿಗೆಯಲ್ಲ. ಬೇರೆ ದಾರಿಯಿಲ್ಲದವರ ಮಾತನ್ನು ಒಪ್ಪಿಗೆಯೆಂದು ನಾನು ಎಣಿಸಿದ್ದೆ.

“ತಪ್ಪಾಯ್ತಮ್ಮ,” ಎಂದೆ. ಬತ್ತಿ ಹೊಸೆಯುತ್ತಿದ್ದ ಕೈ ಒಂದು ಗಳಿಗೆ ನಿಂತು, ಮತ್ತೆ ನಡೆಯಿತು. ಅವಳು ಇಲ್ಲವೆನ್ನಲಿಲ್ಲ.

ವಿಕ್ರಮ ಸಂವತ್ಸರದ ಆಶ್ವೀಜದಲ್ಲಿ, ಡಾಕ್ಟರು ಗೀಚಿಕೊಟ್ಟ ಆಕಾರದಂತೆ ಹಾಸನದ ಚಮ್ಮಾರನೊಬ್ಬ ಒಂದು ಬೂಟು ಮಾಡಿಕೊಟ್ಟ. ಮೀನಖಂಡದ ತನಕ ತೊಗಲು, ಎರಡು ಪಕ್ಕದಲ್ಲೂ ಕಬ್ಬಿಣದ ಪಟ್ಟಿ, ಕೆಳಗೆ ದಪ್ಪ ಹಿಮ್ಮಡಿ. ಮೂರು ಸಲ ಅಳತೆ ತೆಗೆದು, ಮೂರು ಸಲವೂ ಒಳಗೆ ಕೈಯಾಡಿಸಿ ಒತ್ತುವ ಕಡೆಯನ್ನು ಕೆತ್ತಿ ಸರಿಮಾಡಿದ ಪುಣ್ಯಾತ್ಮ. ಅದನ್ನು ಹಾಕಿಕೊಂಡರೆ ರತ್ನ ಕೋಲಿಲ್ಲದೆ ಬೀದಿಯ ಕೊನೆಯ ತನಕ ನಡೆಯಬಲ್ಲಳು. ಬಿಚ್ಚಿದರೆ ಹತ್ತು ಹೆಜ್ಜೆ.

ಮನೆಯೊಳಗೆ ತೊಗಲು. ಅವಳು ಅದನ್ನು ಅಡುಗೆಮನೆಯ ಹೊಸಿಲಲ್ಲಿ ಬಿಚ್ಚಿಟ್ಟು, ಗೋಡೆ ಹಿಡಿದು ಒಂಟಿಕಾಲಿನಲ್ಲಿ ಕುಪ್ಪಳಿಸಿಕೊಂಡು ಒಳಗೆ ಹೋಗುತ್ತಿದ್ದಳು. ಎರಡು ದಿನ ನೋಡಿದೆ. ಮೂರನೆಯ ದಿನ ಬೂಟು ಹಾಕಿಕೊಂಡೇ ಒಳಗೆ ಹೋಗೆಂದೆ. ಸಂಜೆ ಬಂದ ಪುರೋಹಿತರ ಮುಂದೆ ಅದನ್ನು ನಾನೇ ಒಪ್ಪಿಕೊಂಡೆ. ಅವರು ನಗುತ್ತ, ಜಪಕ್ಕೆ ಕೂರುವ ನಿಮ್ಮ ಕೃಷ್ಣಾಜಿನವೇನು ಹತ್ತಿಯದೇ ಎಂದರು. ನಲವತ್ತು ವರ್ಷ ಜಿಂಕೆಯ ತೊಗಲಿನ ಮೇಲೆ ಕುಳಿತವನಿಗೆ ಇದು ಹೊಳೆದಿರಲಿಲ್ಲ.

ಆ ಕಾರ್ತಿಕದಲ್ಲಿ ನಾವು ಚನ್ನರಾಯಪಟ್ಟಣಕ್ಕೆ ಬಂದೆವು. ಅವರಿಬ್ಬರೇ ಹೋಗಿ ಸಂಸಾರ ಹೂಡಲೆಂದು ನಾನು ಹೇಳಿದ್ದೆ. ಭಾರ ಎತ್ತಲಾಗದವಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಶಾಲೆಗೆ ಹೋಗುವುದು ಹೇಗೆಂದು ಶಂಕರ ಕೇಳಿದ. ಈ ಸಲ ಅವನು ಎರಡನೆಯ ಸಲವೂ ಹೇಳಿದ. ಆದುದರಿಂದ ನಾನೂ ಬಂದೆ. ಮೊದಲು ನೋಡಿಟ್ಟಿದ್ದ ಮನೆ ಕೈಬಿಟ್ಟುಹೋಗಿತ್ತು. ಮೆಟ್ಟಿಲೇ ಇಲ್ಲದ ಮನೆಯೊಂದನ್ನು ಹುಡುಕಿದೆವು. ಅಂಗಳದಲ್ಲಿ ರಾಟೆಯ ಬಾವಿ, ನೀರು ಸಿಹಿ. ನಾನು ಸೇದುತ್ತೇನೆ. ಪೂಜೆಗೆ ಹೇಮಾವತಿಯ ಹೆಸರನ್ನು ಬಾವಿಯ ನೀರಿನಲ್ಲಿ ಆವಾಹನೆ ಮಾಡುತ್ತೇನೆ; ಅದಕ್ಕೂ ಮಂತ್ರವಿದೆ, ಮೊದಲಿನಿಂದಲೂ ಇತ್ತು.

ಕಾಲು ಗುಣವಾಗಲಿಲ್ಲ. ಇದನ್ನು ಓದುವವರು ಕೊನೆಯಲ್ಲಿ ಏನಾದರೂ ಪವಾಡ ನಡೆದೀತೆಂದು ಕಾಯಬಾರದು. ಮೂಳೆಯ ಆ ಎರಡು ದಡಗಳು ಇನ್ನೂ ಹಾಗೆಯೇ ಇವೆ. ಮಳೆಯ ದಿನಗಳಲ್ಲಿ ನೋವು ಹೆಚ್ಚು. ಇಪ್ಪತ್ತನಾಲ್ಕು ವರ್ಷಕ್ಕೇ ಅವಳು ಹಾದಿಯಲ್ಲಿ ಬರುವುದನ್ನು ನೋಡದೆಯೇ ಹೆಜ್ಜೆಯಿಂದ ಗುರುತಿಸಬಹುದು. ಆ ಹೆಜ್ಜೆ ಕೇಳಿದಾಗಲೆಲ್ಲ ನನಗೆ ಬಚ್ಚಲುಮನೆಯ ಬಿಸಿನೀರು ನೆನಪಾಗುತ್ತದೆ. ಅದು ನನ್ನ ಜೊತೆಯಲ್ಲೇ ಇರತಕ್ಕದ್ದು. ಪ್ರಾಯಶ್ಚಿತ್ತವೆಂದು ಅದಕ್ಕೆ ದೊಡ್ಡ ಹೆಸರು ಕೊಡಲಾರೆ.

ಕಳೆದ ವಾರದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಪೇಟೆಯಿಂದ ಎಳೆಯ ಬಾಳೆಕಾಯಿ ತಂದು, ಇವತ್ತು ಗೊಜ್ಜು ಮಾಡುತ್ತೀಯಾ ಎಂದು ಕೇಳಿದೆ. ರತ್ನ ಮಣೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಬಾಗಿಲ ಮರೆಗೆ ಹೋಗಲಿಲ್ಲ. ನನ್ನನ್ನು ನೋಡಿಯೇ ಹೇಳಿದಳು.

“ಆಗೋಲ್ಲ ಮಾವನೋರೆ. ಕಾಲು ನೋಯ್ತಿದೆ. ಬೇಕಿದ್ರೆ ನೀವು ಒಲೆ ಹಚ್ಚಿ, ನಾನು ಹೇಳ್ತೀನಿ.”

ಅವಳು ನನ್ನ ಮನೆಗೆ ಬಂದು ಏಳನೆಯ ವರ್ಷ. ಆಗುವುದಿಲ್ಲವೆಂಬ ಮಾತನ್ನು ಅವಳ ಬಾಯಿಂದ ನನ್ನ ಎದುರಿಗೆ ಕೇಳಿದ್ದು ಅದೇ ಮೊದಲು. ನಾನು ಒಲೆ ಹಚ್ಚಿದೆ. ಬೆಲ್ಲವನ್ನು ಬೇಗ ಹಾಕಿಬಿಟ್ಟೆನೆಂದು ಬೈಸಿಕೊಂಡೆ. ಗೊಜ್ಜು ಚೆನ್ನಾಗಿರಲಿಲ್ಲ. ಮೂವರೂ ಉಂಡೆವು.

ಹೆಬ್ಬೆರಳಿನಿಂದಲೇ ನಿಜವನ್ನು ಕಂಡುಹಿಡಿದು, ತನ್ನ ನೇಮವನ್ನು ನನ್ನ ಮುಂದೆ ಬಿಡದಿದ್ದ ಬೋರೇಗೌಡನಿಗೂ ಅವನ ಎತ್ತುಗಳಿಗೂ ಆಯುರಾರೋಗ್ಯವಿರಲಿ. ಬೈದೂ ಕೈಬಿಡದ ಡಾಕ್ಟರಿಗೆ ಯಶಸ್ಸಿರಲಿ. ತೊಗಲನ್ನು ಕಾಲಿಗೆ ಒಗ್ಗಿಸಿದ ಆ ಚಮ್ಮಾರನ ಕೈಗೆ ಎಂದೂ ಕೆಲಸ ತಪ್ಪದಿರಲಿ. ಆರು ವಾರ ಅಟ್ಟು ಬಡಿಸಿದ ವೆಂಕಮ್ಮನ ನಾಲಗೆ ಹೀಗೆಯೇ ಹರಿತವಾಗಿರಲಿ. ದಾರಿ ತೋರಿಸಿದ ಪುರೋಹಿತರಿಗೆ, ಕಾಫಿ ಕುಡಿಯದೆ ಹೋದ ಬೀಗರಿಗೆ, ಒಳ್ಳೆಯದಾಗಲಿ. ಹೋದ ಭಾಗೀರಥಿಗೆ ಸದ್ಗತಿಯಾಗಲಿ. ಈ ನೋವನ್ನು ಅವಳು ಕೇಳಿರಲಿಲ್ಲ. ಶಂಕರನೂ ನಾಗರತ್ನಳೂ ನೂರು ವರ್ಷ ಒಂದೇ ಸೂರಿನಡಿ ಬಾಳಲಿ. ಅವಳು ಬೇಡವೆಂದದ್ದು ಬೇಡವೆಂದೇ ಆ ಮನೆಯಲ್ಲಿ ನಡೆಯಲಿ.